ಇಮ್ಮರ್ಶನ್ ವಿಭಾಗಗಳ ವಿಸ್ತರಣೆ: ವಾಕ್-ಭಾಷಾ ತಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ನಮ್ಮ ಶಾಲಾ ಜಿಲ್ಲೆಯು ಇನ್ನೂ ಎರಡು ಪ್ರಾಥಮಿಕ ಶಾಲೆಗಳಲ್ಲಿ ಮ್ಯಾಂಡರಿನ್ ಮತ್ತು ಸ್ಪ್ಯಾನಿಷ್ ಇಮ್ಮರ್ಶನ್ ವಿಭಾಗಗಳನ್ನು (ಶಾಲೆಯ ಪಾಠಗಳನ್ನೇ ಆ ಭಾಷೆಯಲ್ಲಿ ಕಲಿಸುವ ತರಗತಿಗಳನ್ನು) ತೆರೆಯಲು ಮುಂದಾಗಿರುವುದರಿಂದ, ಒರೆಗಾನ್‌ನ ಕನ್ನಡ ಪಾಲಕರ ಈ ಗುಂಪಿನಲ್ಲಿ ಪ್ರಶ್ನೆಗಳು ಹೆಚ್ಚಿವೆ. ಮೈಸೂರಿನಲ್ಲಿ ಓದಿ, ಇಲ್ಲಿನ ಸಾರ್ವಜನಿಕ ಶಾಲೆಗಳಲ್ಲಿ ವಾಕ್-ಭಾಷಾ ತಜ್ಞೆಯಾಗಿರುವ ನಮ್ಮ ಸದಸ್ಯೆಯೊಬ್ಬರು ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ವಿಷಯಕ್ಕೆ ಸೀಮಿತವಾಗಿ ಬರೆಯಿರಿ.

ಬೀವರ್ಟನ್‌ನ ತಂದೆ: ನಮಸ್ಕಾರ ಮೇಡಂ. ದಿನದ ಅರ್ಧ ಪಾಠ ಮ್ಯಾಂಡರಿನ್‌ನಲ್ಲಿ ನಡೆದರೆ ಮಗಳ ಇಂಗ್ಲಿಷ್ ಹಿಂದುಳಿಯುವುದಿಲ್ಲವೇ?

ತಜ್ಞೆ: ನಮಸ್ಕಾರ. ಈ ಪ್ರಶ್ನೆಗೆ ನಮ್ಮ ಪಕ್ಕದಲ್ಲಿಯೇ ಒಳ್ಳೆಯ ಉತ್ತರವಿದೆ. ಪೋರ್ಟ್‌ಲ್ಯಾಂಡ್‌ನ ಸಾರ್ವಜನಿಕ ಶಾಲೆಗಳಲ್ಲಿ ಇಮ್ಮರ್ಶನ್ ಸೀಟುಗಳನ್ನು ಲಾಟರಿಯಿಂದ ಹಂಚುವುದರಿಂದ, ಸೀಟು ಸಿಕ್ಕವರನ್ನೂ ಅರ್ಜಿ ಹಾಕಿ ಸಿಗದವರನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಆ ಅಧ್ಯಯನದ ಪ್ರಕಾರ, ಇಮ್ಮರ್ಶನ್ ಮಕ್ಕಳು ಇಂಗ್ಲಿಷ್ ಓದಿನಲ್ಲಿ ಐದನೆಯ ತರಗತಿಯ ಹೊತ್ತಿಗೆ ಸುಮಾರು 7 ತಿಂಗಳು, ಎಂಟನೆಯ ತರಗತಿಯ ಹೊತ್ತಿಗೆ ಸುಮಾರು 9 ತಿಂಗಳು ಮುಂದಿದ್ದರು. ಗಣಿತ ಮತ್ತು ವಿಜ್ಞಾನದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಟೈಗಾರ್ಡ್‌ನ ತಾಯಿ: ಸ್ಪ್ಯಾನಿಷ್‌ಗೆ ಸೇರಿಸಿದರೆ ಇಂಗ್ಲಿಷ್‌ಗೆ ತೊಂದರೆಯಾಗುತ್ತದೆಯೇ?

ತಜ್ಞೆ: ಮೇಲಿನ ಉತ್ತರವನ್ನೇ ನೋಡಿ.

ಹಿಲ್ಸ್‌ಬರೊ ಸದಸ್ಯ: ನಮ್ಮ ಕುಟುಂಬದ ಗುಂಪಿಗೆ ಬಂದ ಸಂದೇಶವನ್ನು ಎಲ್ಲರ ಉಪಯೋಗಕ್ಕಾಗಿ ಹಾಕುತ್ತಿದ್ದೇನೆ. ಮೂರು ಭಾಷೆ ಕೇಳುವ ಮಗುವಿಗೆ ಮಾತು ತಡವಾಗುತ್ತದೆ, ಆದ್ದರಿಂದ ಮೂರು ತಿಂಗಳು ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಬೇಕು ಮತ್ತು ಬಜೆಯನ್ನು ಜೇನುತುಪ್ಪದಲ್ಲಿ ತೇಯ್ದು ನಾಲಿಗೆಗೆ ಹಚ್ಚಬೇಕು ಎಂದಿದ್ದಾರೆ.

ತಜ್ಞೆ: ಇದನ್ನು ಯಾರೂ ಪಾಲಿಸಬೇಡಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸುವುದೂ ಅಪಾಯ. ಅದರಿಂದ ಬೊಟುಲಿಸಮ್ ಎಂಬ ಗಂಭೀರ ಕಾಯಿಲೆ ಬರಬಹುದು. ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ಅಮೆರಿಕವು 1968ರಲ್ಲಿಯೇ ನಿಷೇಧಿಸಿದೆ. ಹೆಚ್ಚು ಭಾಷೆಗಳನ್ನು ಕೇಳುವುದರಿಂದ ಭಾಷಾ ತೊಂದರೆ ಹುಟ್ಟುವುದಿಲ್ಲ. ಆದರೆ ಮನೆಯ ಕನ್ನಡವನ್ನು ನಿಲ್ಲಿಸಿದರೆ, ಮಗು ತನಗೆ ಚೆನ್ನಾಗಿ ಬರುವ ಒಂದೇ ಭಾಷೆಯನ್ನೂ ಕಳೆದುಕೊಳ್ಳಬಹುದು.

ಹಿಲ್ಸ್‌ಬರೊ ಸದಸ್ಯ: ನಮ್ಮ ಅಜ್ಜಿ ನಮಗೆಲ್ಲ ಬಜೆ ಹಚ್ಚಿದ್ದರು. ನಾವು ಮಾತನಾಡುತ್ತಿಲ್ಲವೇ?

ಬೆಥನಿಯ ತಾಯಿ: ಅಕ್ಕ, ಮಗ ಎರಡನೆಯ ತರಗತಿಯಲ್ಲಿದ್ದಾನೆ, ಕಿಂಡರ್‌ಗಾರ್ಟನ್‌ನಿಂದಲೂ ಮ್ಯಾಂಡರಿನ್ ವಿಭಾಗ. ಮನೆಯಲ್ಲಿ ಕನ್ನಡ. ಶಾಲೆಯಲ್ಲಿ ಏನಾಯಿತೆಂದು ಕೇಳಿದರೆ ಹಿಂದುಮುಂದಾಗಿ ಹೇಳುತ್ತಾನೆ, ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನೇ ಮಾಡುತ್ತಾನೆ. ಅತ್ತೆಯವರ ಜೊತೆ ಕನ್ನಡದಲ್ಲಿಯೂ ಹೀಗೆಯೇ. ಇಂಗ್ಲಿಷ್ ಓದು ನಿಧಾನ. ಇಮ್ಮರ್ಶನ್ ಮಕ್ಕಳಲ್ಲಿ ಇದು ಸಹಜ, ನಾಲ್ಕನೆಯ ತರಗತಿಯವರೆಗೆ ಕಾಯಿರಿ ಎಂದು ಶಾಲೆಯವರು ಹೇಳುತ್ತಿದ್ದಾರೆ.

ತಜ್ಞೆ: ಇದನ್ನು ಸ್ವಲ್ಪ ವಿವರವಾಗಿ ಬರೆಯಲೇಬೇಕು. ಇಮ್ಮರ್ಶನ್ ಮಗುವಿನ ಇಂಗ್ಲಿಷ್ ಓದು ಮೊದಲ ವರ್ಷಗಳಲ್ಲಿ ನಿಧಾನವಾಗಿದ್ದರೆ ಅಷ್ಟರಿಂದಲೇ ನಾನು ಗಾಬರಿಯಾಗುವುದಿಲ್ಲ. ಆದರೆ ಹೊಸ ಭಾಷೆಯ ಹೊರೆಯೇ ಕಾರಣವಾಗಿದ್ದರೆ ತೊಡಕು ಮ್ಯಾಂಡರಿನ್‌ನಲ್ಲಿ ಕಾಣಬೇಕೇ ಹೊರತು, ಹುಟ್ಟಿದಾಗಿನಿಂದ ಕೇಳುತ್ತ ಬಂದ ಕನ್ನಡದಲ್ಲಿ ಅಲ್ಲ. ಅಜ್ಜಿಯೊಂದಿಗೆ ಮಾತನಾಡುವಾಗಲೂ ಘಟನೆಯ ಕ್ರಮ ತಪ್ಪುತ್ತದೆ, ಎರಡು ಸೂಚನೆಗಳು ಒಟ್ಟಿಗೆ ನಿಲ್ಲುವುದಿಲ್ಲ ಎಂಬುದೇ ನನ್ನನ್ನು ಚಿಂತೆಗೀಡು ಮಾಡಿದ ಅಂಶ. ಭಾಷಾ ಬೆಳವಣಿಗೆಯ ತೊಂದರೆ ನೂರರಲ್ಲಿ ಸುಮಾರು ಏಳು ಮಕ್ಕಳಲ್ಲಿ ಇರುತ್ತದೆ. ಮಗು ಎಷ್ಟು ಭಾಷೆಗಳನ್ನು ಬಲ್ಲದೋ ಅಷ್ಟರಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ನಿಮ್ಮ ಮಗನಿಗೆ ಅದೇ ಇದೆಯೆಂದು ಇಲ್ಲಿ ಕುಳಿತು ಹೇಳಲಾರೆ, ಆದರೆ ಎರಡು ವರ್ಷ ಕಾಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಜೊತೆಗೆ, ವಿಶೇಷ ಶಿಕ್ಷಣದ ಮೌಲ್ಯಮಾಪನ ಬೇಕೆಂದು ಶಾಲೆಗೆ ಲಿಖಿತವಾಗಿ ಕೇಳಿ, ಪತ್ರದಲ್ಲಿ ದಿನಾಂಕ ಹಾಕಿ, ಪ್ರತಿಯನ್ನು ಇಟ್ಟುಕೊಳ್ಳಿ. ಬಾಯಿಮಾತಿನ ಕೋರಿಕೆಯನ್ನು ಮರೆಯುವುದು ಸುಲಭ. ಶಾಲೆ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕೆಂದು ಫೆಡರಲ್ ಕಾನೂನು ಹೇಳುತ್ತದೆ. ಸಾಧ್ಯವಿದ್ದಷ್ಟೂ ಮಗುವಿನ ಮನೆಮಾತಿನಲ್ಲಿಯೇ ಪರೀಕ್ಷಿಸಬೇಕೆಂದೂ ಹೇಳುತ್ತದೆ. ಆದ್ದರಿಂದ ಕನ್ನಡ ದುಭಾಷಿಯನ್ನು ಕೇಳಿ. ಅತ್ತೆಯವರನ್ನೇ ದುಭಾಷಿಯಾಗಿ ಕೂರಿಸಬೇಡಿ. ಅಜ್ಜಿಯರು ಮೊಮ್ಮಗನ ಅರ್ಧ ವಾಕ್ಯವನ್ನು ತಾವೇ ಪೂರ್ತಿ ಮಾಡಿಬಿಡುತ್ತಾರೆ.

ಬೀವರ್ಟನ್‌ನ ತಂದೆ: ವಿಭಾಗಗಳು ಹೆಚ್ಚಾದರೆ ಶಿಕ್ಷಕರು ಎಲ್ಲಿಂದ ಬರುತ್ತಾರೆ ಮೇಡಂ?

ತಜ್ಞೆ: ಶಾಲಾ ಮಂಡಳಿಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ. 2008ರಲ್ಲಿ ಕಾನೂನು ಮಾಡಿ ರಾಜ್ಯದಾದ್ಯಂತ ಇಮ್ಮರ್ಶನ್ ಹರಡಿದ ಯೂಟಾ, ಅರ್ಧ ದಿನದ ಪದ್ಧತಿಯನ್ನು ಆರಿಸಿಕೊಂಡಿತು. ಅಲ್ಲಿ ಒಬ್ಬ ಮ್ಯಾಂಡರಿನ್ ಶಿಕ್ಷಕಿ ಬೆಳಿಗ್ಗೆ ಒಂದು ತರಗತಿಗೆ, ಮಧ್ಯಾಹ್ನ ಇನ್ನೊಂದಕ್ಕೆ ಪಾಠ ಮಾಡುತ್ತಾರೆ, ಇಂಗ್ಲಿಷ್ ಶಿಕ್ಷಕಿ ಉಳಿದರ್ಧವನ್ನು ನೋಡಿಕೊಳ್ಳುತ್ತಾರೆ. ಹೀಗಾಗಿ ಸಿಗುವುದು ಕಷ್ಟವಾದ ಶಿಕ್ಷಕರು ಅರ್ಧದಷ್ಟು ಸಾಕು. ಇನ್ನೊಂದು ಸಂಗತಿ: ಮೂರನೆಯ ತರಗತಿಯಲ್ಲಿ ಮಗುವೊಂದು ಊರು ಬಿಟ್ಟರೆ, ಭಾಷೆ ಬಾರದ ಹೊಸ ಮಗುವನ್ನು ಆ ಸೀಟಿಗೆ ತರಲಾಗದು. ಮೇಲಿನ ತರಗತಿಗಳು ಬರಿದಾಗುತ್ತವೆ, ಪಕ್ಕದ ಇಂಗ್ಲಿಷ್ ವಿಭಾಗ ತುಂಬಿ ತುಳುಕುತ್ತದೆ. ಹೊಸ ವಿಭಾಗಗಳಿಗೆ ಎಷ್ಟು ಭಾಷಾ ತಜ್ಞರನ್ನು, ದುಭಾಷಿಗಳನ್ನು ಕೊಡುತ್ತಾರೆ ಎಂದೂ ಕೇಳಿ. ಅದಿಲ್ಲದೆ ವಿಸ್ತರಿಸಿದರೆ ಬೆಥನಿಯ ಮಗುವಿನಂಥವರಿಗೆ ‘ಕಾಯಿರಿ’ ಎಂಬ ಉತ್ತರವೇ ಸಿಗುತ್ತದೆ.

ಲೇಕ್ ಓಸ್ವೀಗೋ ಸದಸ್ಯ: ಹೊಸ ಇಮ್ಮರ್ಶನ್ ಶಾಲೆಯ ಸುತ್ತ ಮನೆ ಬೆಲೆ ಏರುತ್ತದೆಯೇ?

ಹಿಲ್ಸ್‌ಬರೊ ಸದಸ್ಯ: 2019ರಲ್ಲಿ ಕರ್ನಾಟಕ ಸರ್ಕಾರವು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದಾಗ ವಿರೋಧಿಸಿದವರೇ ಇಲ್ಲಿ ಮ್ಯಾಂಡರಿನ್‌ಗೆ ಸಾಲು ನಿಂತಿದ್ದಾರೆ. ಅದೂ ಇಮ್ಮರ್ಶನ್ ಅಲ್ಲವೇ?

ಟೈಗಾರ್ಡ್‌ನ ತಾಯಿ: ಅಲ್ಲ. ಇಲ್ಲಿನ ಇಂಗ್ಲಿಷ್ ಮಗುವಿನ ಇಂಗ್ಲಿಷನ್ನು ಯಾರೂ ಕಸಿಯುವುದಿಲ್ಲ. ಹಳ್ಳಿಯ ಮಗುವಿನ ಕನ್ನಡ ಒಂದು ವಿಷಯವಾಗಿ ಮಾತ್ರ ಉಳಿಯುತ್ತದೆ.

ಹಿಲ್ಸ್‌ಬರೊ ಸದಸ್ಯ: ಮಾಧ್ಯಮದ ಆಯ್ಕೆ ಪಾಲಕರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿಯೇ ಹೇಳಿದೆ. ತಾವು ಓದಿದ್ದು ಯಾವ ಮಾಧ್ಯಮದಲ್ಲಿ ಎಂದು ತಿಳಿಸಬಹುದೇ?

ಟೈಗಾರ್ಡ್‌ನ ತಾಯಿ: ಕನ್ನಡ ಮಾಧ್ಯಮದಲ್ಲಿ, ಹಾಸನದ ಸರ್ಕಾರಿ ಶಾಲೆಯಲ್ಲಿ. ತಮ್ಮದನ್ನೂ ತಿಳಿಸಿ.

ತಜ್ಞೆ: ಇಬ್ಬರೂ ಬೇರೆ ಎಳೆಯಲ್ಲಿ ವಾದಿಸಿದರೆ ಉಪಕಾರವಾಗುತ್ತದೆ. ಒಂದು ಮಾತು ಮಾತ್ರ: 1965ರಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ ಫ್ರೆಂಚ್ ಇಮ್ಮರ್ಶನ್ ಆರಂಭವಾದದ್ದು ಇಂಗ್ಲಿಷ್ ಮನೆಮಾತಿನ ಮಕ್ಕಳಿಗಾಗಿ. ಅವರ ಭಾಷೆಗೆ ಊರಿನಲ್ಲಿಯೂ ಬಲವಿತ್ತು, ತರಗತಿಯಲ್ಲಿಯೂ ಅದು ಮರಳಿ ಬಂದಿತು. ನಮ್ಮ ಮಕ್ಕಳ ಕನ್ನಡಕ್ಕೆ ಇಲ್ಲಿ ಮನೆಯೊಂದೇ ಜಾಗ. ಅದನ್ನು ಶಾಲೆ ಉಳಿಸುವುದಿಲ್ಲ.

ಹೊಸ ಸದಸ್ಯೆ: ಇಮ್ಮರ್ಶನ್‌ನಿಂದ ಇಂಗ್ಲಿಷ್ ಹಿಂದುಳಿಯುತ್ತದೆಯೇ ಮೇಡಂ? ಬಜೆಯನ್ನು ಎಷ್ಟು ದಿನ ಹಚ್ಚಬೇಕು?

ತಜ್ಞೆ: ಇಲ್ಲ. ಹಚ್ಚಲೇಬಾರದು. ಪ್ರಶ್ನೆ ಹಾಕುವ ಮುನ್ನ ಮೇಲೆ ಬರೆದದ್ದನ್ನು ಓದಿ.

ಹಿಲ್ಸ್‌ಬರೊ ಸದಸ್ಯ: ತಜ್ಞರಾದವರಿಗೆ ತಾಳ್ಮೆಯೂ ಇರಬೇಕು.

ನಿರ್ವಾಹಕರು: ವೈಯಕ್ತಿಕ ಟೀಕೆಗಳನ್ನು ಅಳಿಸಲಾಗುವುದು.

ಬೆಥನಿಯ ತಾಯಿ: ಅಕ್ಕ, ಈಗಲೇ ಶಾಲೆಗೆ ಇಮೇಲ್ ಮಾಡಿದೆ. ಮೊದಲು ಅವನನ್ನು ಇಂಗ್ಲಿಷ್ ವಿಭಾಗಕ್ಕೆ ಬದಲಿಸೋಣ, ಮೌಲ್ಯಮಾಪನವನ್ನು ಆಮೇಲೆ ನೋಡೋಣ ಎಂದು ಉತ್ತರ ಬಂದಿದೆ.

ತಜ್ಞೆ: ಒಪ್ಪಬೇಡಿ. ವಿಭಾಗ ಬದಲಿಸುವುದು ಚಿಕಿತ್ಸೆಯಲ್ಲ. ಭಾಷಾ ತೊಂದರೆಯಿದ್ದು ಫ್ರೆಂಚ್ ಇಮ್ಮರ್ಶನ್‌ನಲ್ಲಿದ್ದ ಮಕ್ಕಳನ್ನು ಕೆನಡಾದಲ್ಲಿ ಗಮನಿಸಿದಾಗ, ಅದೇ ತೊಂದರೆಯಿದ್ದು ಇಂಗ್ಲಿಷ್ ತರಗತಿಯಲ್ಲಿದ್ದವರಿಗಿಂತ ಅವರು ಇಂಗ್ಲಿಷ್‌ನಲ್ಲಿ ಹಿಂದುಳಿದಿರಲಿಲ್ಲ. ವಿಭಾಗ ಬದಲಿಸಿದರೆ ಗೆಳೆಯರೂ ಹೋಗುತ್ತಾರೆ, ಹೊಂದಿಕೊಳ್ಳಲಿ ಎಂದು ಇನ್ನೊಂದು ವರ್ಷ ಕಾಯುವುದಕ್ಕೆ ಶಾಲೆಗೆ ಹೊಸ ನೆಪವೂ ಸಿಗುತ್ತದೆ. ವಿಭಾಗದ ಮಾತನ್ನು ಮೌಲ್ಯಮಾಪನದ ವರದಿ ಬಂದ ಮೇಲೆ ಆಡೋಣ, ಅಲ್ಲಿಯವರೆಗೆ ನನ್ನ ಕೋರಿಕೆ ಹಾಗೆಯೇ ಇದೆ ಎಂದು ಅದೇ ಇಮೇಲ್‌ಗೆ ಉತ್ತರಿಸಿ, ಜಿಲ್ಲೆಯ ವಿಶೇಷ ಶಿಕ್ಷಣ ಕಚೇರಿಗೂ ಪ್ರತಿ ಕಳುಹಿಸಿ. ಶಾಲೆಯ ಹೆಸರು ತೆಗೆದ ಕರಡನ್ನು ನನಗೆ ಖಾಸಗಿಯಾಗಿ ಕಳುಹಿಸಿದರೆ ಇಂದು ರಾತ್ರಿ ನೋಡಿಕೊಡುತ್ತೇನೆ.