ಕಂದು ತಾಯಿಗೆ ಬಿಳಿ ಮರಿ: ಸೆನೆಕಾದ ಜಿಂಕೆಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ:
ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಹಳೆಯ ಸೆನೆಕಾ ಸೇನಾ ಡಿಪೋದ ಬೇಲಿಯೊಳಗೆ, ಕಂದು ಬಣ್ಣದ ಹೆಣ್ಣು ಜಿಂಕೆಯೊಂದರ ಹಿಂದೆ ಅಚ್ಚ ಬಿಳಿಯ ಮರಿಯೊಂದು ನಡೆದು ಹೋಗುವುದನ್ನು ನೋಡಿದೆ. ಇವು ಆಲ್ಬಿನೋ ಜಿಂಕೆಗಳೇ? ತಾಯಿ ಕಂದಾಗಿದ್ದರೂ ಮರಿ ಬಿಳಿಯಾಗುವುದು ಹೇಗೆ? ಅಲ್ಲಿ ಶಸ್ತ್ರಾಸ್ತ್ರಗಳನ್ನು ಇರಿಸಿದ್ದರಿಂದ ವಿಕಿರಣವೇ ಇದಕ್ಕೆ ಕಾರಣವೆಂದು ಕೆಲವರು ಹೇಳುತ್ತಾರೆ. ಇದು ನಿಜವೇ?

ಉತ್ತರ 1:
ಅವು ಆಲ್ಬಿನೋಗಳಲ್ಲ. ಆಲ್ಬಿನೋ ಪ್ರಾಣಿಯಲ್ಲಿ ಮೈಗೆ, ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ತಯಾರಾಗುವುದೇ ಇಲ್ಲವಾದ್ದರಿಂದ ಕಣ್ಣು ಗುಲಾಬಿಯಾಗಿ ಕಾಣುತ್ತದೆ. ಸೆನೆಕಾದ ಬಿಳಿ ಜಿಂಕೆಗಳ ಕಣ್ಣು ಉಳಿದ ಜಿಂಕೆಗಳ ಕಣ್ಣಿನಂತೆಯೇ ಕಂದು. ಬಣ್ಣ ತಪ್ಪಿರುವುದು ರೋಮದಲ್ಲಿ ಮಾತ್ರ. ಈ ಸ್ಥಿತಿಗೆ ಲ್ಯೂಸಿಸಂ ಎನ್ನುತ್ತಾರೆ. ಇವು ಬೇರೆ ಜಾತಿಯವೂ ಅಲ್ಲ, ಉತ್ತರ ಅಮೆರಿಕದ ಸಾಮಾನ್ಯ ಬಿಳಿಬಾಲದ ಜಿಂಕೆಗಳೇ. ಅದೇ ಜಾತಿಯ ಬಿಳಿ ಜಿಂಕೆಗಳು ಡಿಪೋದ ಹೊರಗೆ ಬೇರೆಡೆಗಳಲ್ಲಿಯೂ ಅಪರೂಪಕ್ಕೆ ಹುಟ್ಟುತ್ತವೆ; ಆದ್ದರಿಂದ ವಿಕಿರಣದ ಮಾತಿಗೆ ಆಧಾರವಿಲ್ಲ.

ಉತ್ತರ 2:
ಆನುವಂಶಿಕತೆಯ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗೊಂದಲ ಇರುವುದು ಅಲ್ಲಿಯೇ. ಬಿಳಿ ರೋಮಕ್ಕೆ ಕಾರಣವಾದ ಜೀನ್ ಅಪ್ರಬಲವಾದದ್ದು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳು ಸೇರಿದಾಗ ಮಾತ್ರ ಮರಿ ಬಿಳಿಯಾಗುತ್ತದೆ. ಒಂದೇ ಪ್ರತಿಯುಳ್ಳ ಜಿಂಕೆ ನೋಡಲು ಪೂರ್ತಿ ಕಂದು, ಆದರೆ ಅದು ಆ ಜೀನಿನ ವಾಹಕ. ಇಂಥ ಎರಡು ವಾಹಕಗಳು ಕೂಡಿದರೆ ಪ್ರತಿ ಮರಿಯೂ ಬಿಳಿಯಾಗುವ ಸಂಭವ ನಾಲ್ಕರಲ್ಲಿ ಒಂದು. ವಾಹಕ ತಾಯಿ ಬಿಳಿ ಗಂಡಿನೊಂದಿಗೆ ಕೂಡಿದರೆ ಎರಡರಲ್ಲಿ ಒಂದು. ನೀವು ಕಂಡ ತಾಯಿ ವಾಹಕವೇ ಆಗಿರಬೇಕು.

ಉತ್ತರ 3:
ಜೀನನ್ನು ಬೇಲಿ ಹುಟ್ಟಿಸಲಿಲ್ಲ, ಒಳಗೆ ಉಳಿಸಿತು ಅಷ್ಟೆ. 1941ರಲ್ಲಿ ಡಿಪೋ ಕಟ್ಟಿದಾಗ ಹತ್ತು ಸಾವಿರಕ್ಕೂ ಹೆಚ್ಚು ಎಕರೆಗೆ ಬೇಲಿ ಹಾಕಿದ್ದರಿಂದ ಒಳಗಿದ್ದ ಚಿಕ್ಕ ಹಿಂಡು ಹೊರಗಿನ ಜಿಂಕೆಗಳಿಂದ ಬೇರ್ಪಟ್ಟಿತು. ಬಿಳಿ ಜಿಂಕೆ ಅಲ್ಲಿ ಮೊದಲು ಕಂಡದ್ದು 1949ರಲ್ಲಿ. ಮುಂದೆ ಸೇನೆಯವರು ಬಿಳಿಯವನ್ನು ಬೇಟೆಯಾಡದಂತೆ ತಡೆದು, ಕಂದು ಜಿಂಕೆಗಳ ಬೇಟೆಗೆ ಮಾತ್ರ ಅವಕಾಶ ಕೊಟ್ಟರು. ಬಯಲಿನಲ್ಲಿ ಎದ್ದು ಕಾಣುವ ಬಿಳಿ ಮೈ ಬೇರೆಡೆ ಅಪಾಯವನ್ನೇ ತರುತ್ತಿತ್ತು. ಇಲ್ಲಿ ಅದೇ ರಕ್ಷೆಯಾಯಿತು. ಸುಮಾರು 800 ಜಿಂಕೆಗಳಲ್ಲಿ 200ರಷ್ಟು ಬಿಳಿಯಾಗಿದ್ದ ಕಾಲವೂ ಇತ್ತು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಒಂದು ವೇಳೆ ಆ ರಕ್ಷಣೆ ತಪ್ಪಿ, ಬಿಳಿ ಜಿಂಕೆಗಳೆಲ್ಲ ಬೇಟೆಗೆ ಬಲಿಯಾದರೆ ಈ ಬಣ್ಣವೇ ಅಳಿದುಹೋಗುವುದೇ?

ಉತ್ತರ 2 ಬರೆದವರಿಂದ:
ಒಮ್ಮೆಗೇ ಅಳಿಯುವುದಿಲ್ಲ. ಹಿಂಡಿನ ಕಾಲು ಭಾಗ ಬಿಳಿಯಾಗಿದ್ದು, ಕೂಡುವಿಕೆ ಬಣ್ಣವನ್ನು ನೋಡದೆ ನಡೆಯುತ್ತದೆ ಎಂದು ಭಾವಿಸಿದರೆ, ಉಳಿದ ಕಂದು ಜಿಂಕೆಗಳಲ್ಲಿ ಮೂರರಲ್ಲಿ ಎರಡು ವಾಹಕಗಳಾಗಿರುತ್ತವೆ. ಬಿಳಿಯವನ್ನೆಲ್ಲ ತೆಗೆದುಬಿಟ್ಟರೂ ಮುಂದಿನ ತಲೆಮಾರಿನಲ್ಲಿ ಸರಾಸರಿ ಒಂಬತ್ತು ಮರಿಗಳಿಗೆ ಒಂದು ಬಿಳಿಯದೇ ಹುಟ್ಟುತ್ತದೆ. ಪ್ರತಿ ತಲೆಮಾರಿನಲ್ಲೂ ಹಾಗೆಯೇ ಕೊಲ್ಲುತ್ತ ಹೋದರೆ ಮಾತ್ರ ಬಿಳಿ ಮರಿಗಳು ಕ್ರಮೇಣ ಅಪರೂಪವಾಗುತ್ತವೆ.