ಮೊದಲ ಬಾರಿ ವಾರಾಂತ್ಯದ ರೈಫಲ್ ತರಬೇತಿಗೆ ಹೋಗುತ್ತಿದ್ದೇವೆ, ಹೇಗೆ ಸಿದ್ಧವಾಗಬೇಕು?

ತಿಳಿಮುಗಿಲು:

ಬರುವ ಶನಿವಾರ, ಭಾನುವಾರದ ರೈಫಲ್ ತರಬೇತಿಗೆ ನಾನೂ ನನ್ನ ಹದಿನಾರು ವರ್ಷದ ಮಗಳೂ ಹೆಸರು ಕೊಟ್ಟಿದ್ದೇವೆ. ಇಬ್ಬರೂ ಈವರೆಗೆ ರೈಫಲ್ ಮುಟ್ಟಿದವರಲ್ಲ. ಅಲ್ಲಿ .22 (ಸುಮಾರು 0.22 ಇಂಚು ವ್ಯಾಸದ ಸಣ್ಣ ಗುಂಡಿನ) ರೈಫಲ್‌ಗಳನ್ನು ಅವರೇ ಕೊಡುತ್ತಾರೆ. ಗುರಿಯ ದೂರ 25 ಮತ್ತು 50 ಮೀಟರ್. ಮೊದಲ ದಿನ ಮಲಗಿ ಹೊಡೆಯುವ ಭಂಗಿ, ಮರುದಿನ ಮಂಡಿಯೂರಿ ಮತ್ತು ನಿಂತು, ಕೊನೆಯಲ್ಲಿ ಅಂಕಗಳ ಪರೀಕ್ಷೆ. ಮಗಳ ಮನಸ್ಸೆಲ್ಲ ಆ ಪರೀಕ್ಷೆಯ ಮೇಲಿದೆ.

ನನ್ನ ಚಿಂತೆಗಳು ಬೇರೆ. ನನ್ನ ತೋಳಿನಲ್ಲಿ ಅಷ್ಟು ಬಲವಿಲ್ಲ, ರೈಫಲನ್ನು ಅಲುಗಾಡದಂತೆ ಹಿಡಿಯಬಲ್ಲೆನೇ? ಬರೆಯುವುದು, ಎತ್ತುವುದು ಎಲ್ಲವೂ ಬಲಗೈಯಲ್ಲಿ, ಆದರೆ ಪರೀಕ್ಷಿಸಿದರೆ ಎಡಗಣ್ಣು ಪ್ರಧಾನ, ಅಂದರೆ ಗುರಿ ನೋಡುವಾಗ ಮೆದುಳು ಹೆಚ್ಚು ನೆಚ್ಚುವ ಕಣ್ಣು, ಎಂದು ತಿಳಿಯಿತು. ಹತ್ತಿರಕ್ಕೂ ದೂರಕ್ಕೂ ಒಂದೇ ಕನ್ನಡಕವನ್ನು ಹಾಕಿಕೊಳ್ಳುತ್ತೇನೆ, ಕೆಳಭಾಗದಲ್ಲಿ ಓದುವ ಗಾಜು ಇರುವಂಥದ್ದು. ದೊಡ್ಡ ಸದ್ದಿಗೆ ಬೆಚ್ಚಿಬೀಳುವ ಸ್ವಭಾವವೂ ಇದೆ. ಎರಡು ದಿನಗಳಲ್ಲಿ ನಾನು ಏನನ್ನು ಕಲಿತು ಬಂದರೆ ಹೋಗಿದ್ದು ಸಾರ್ಥಕ?

ಕಿವಿಮಾತು:

ಸದ್ದಿನ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದನ್ನು ಬಲ್ಲವರು ಹೇಳಲಿ. .22 ಚಿಕ್ಕದೆಂದು ಬರಿಗಿವಿಯಲ್ಲಿ ನಿಲ್ಲಬೇಡಿ. ಅದರ ಸದ್ದಿನ ತುದಿ 140 ಡೆಸಿಬಲ್ ಆಸುಪಾಸಿಗೆ ಹೋಗಬಲ್ಲದು, ಮತ್ತು ಹೋದ ಶ್ರವಣಶಕ್ತಿ ಮರಳುವುದಿಲ್ಲ. ಬೆಚ್ಚಿಬೀಳುವವರು ಕಿವಿಯೊಳಗೆ ಫೋಮ್ ಪ್ಲಗ್, ಅದರ ಮೇಲೆ ಇಯರ್ ಮಫ್, ಎರಡನ್ನೂ ಹಾಕಿಕೊಳ್ಳಿ. ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಸಣ್ಣದು ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಸೇರಿಸಿ, ಅದು ಉಬ್ಬಿಕೊಳ್ಳುವವರೆಗೆ ಬೆರಳಿಂದ ಒತ್ತಿ ಹಿಡಿಯಿರಿ. ಅರ್ಧ ಹೊರಗೆ ಇಣುಕುತ್ತಿದ್ದರೆ ಅದರಿಂದ ಪ್ರಯೋಜನವಿಲ್ಲ.

ಇನ್ನೊಂದು ಮಾತು, ಮಗಳಿಗಾಗಿ. ಗುಂಡುಗಳಲ್ಲಿ ಸೀಸವಿದೆ, ಸಿಡಿಯುವ ಮದ್ದಿನಲ್ಲೂ ಸಾಮಾನ್ಯವಾಗಿ ಇರುತ್ತದೆ. ಏನನ್ನಾದರೂ ತಿನ್ನುವ, ಕುಡಿಯುವ ಮುನ್ನ ತಣ್ಣೀರು, ಸಾಬೂನು ಬಳಸಿ ಕೈಯನ್ನೂ ಮುಖವನ್ನೂ ತೊಳೆಯಿರಿ. ಮನೆ ಸೇರಿದ ಕೂಡಲೇ ಬಟ್ಟೆ ಬದಲಿಸಿ, ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.

ರೇಂಜಕ್ಕ:

ನಾನು ವಾರಾಂತ್ಯಗಳಲ್ಲಿ ಹೊಸಬರಿಗೆ ಕಲಿಸುತ್ತೇನೆ. ನಿಮ್ಮ ತೋಳಿನ ಚಿಂತೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನೀವು ಕಲಿಯಬೇಕಾದದ್ದೆಲ್ಲ ಅದರ ಉತ್ತರದಲ್ಲೇ ಅಡಗಿದೆ.

ಮಲಗಿದ ಭಂಗಿಯಲ್ಲಿ ರೈಫಲನ್ನು ಹೊರುವ ಕೆಲಸ ಸ್ನಾಯುಗಳದ್ದಲ್ಲ. ಎಡ ಮೊಣಕೈ ಸಾಧ್ಯವಾದಷ್ಟು ರೈಫಲಿನ ಅಡಿಗೆ ಬರಬೇಕು. ಮುಂಗೈಯ ಮೂಳೆ ಕಂಬದಂತೆ ನಿಂತು ಭಾರವನ್ನು ನೆಲಕ್ಕೆ ಇಳಿಸುತ್ತದೆ. ಮೇಲ್ತೋಳಿಗೆ ಬಿಗಿದ ಸ್ಲಿಂಗ್ ಪಟ್ಟಿ ರೈಫಲನ್ನು ಭುಜದತ್ತ ಎಳೆದು ಹಿಡಿಯುತ್ತದೆ. ಎಡಗೈ ಬೆರಳುಗಳನ್ನು ಪೂರ್ತಿ ಸಡಿಲ ಬಿಟ್ಟರೂ ರೈಫಲ್ ಬೀಳಬಾರದು, ಬಿದ್ದರೆ ಪಟ್ಟಿ ಸಡಿಲವಾಗಿದೆ ಎಂದು ಅರ್ಥ. ಬಲ ಮೊಣಕಾಲನ್ನು ಸ್ವಲ್ಪ ಮೇಲಕ್ಕೆ ಮಡಚಿಕೊಳ್ಳಿ, ಹೊಟ್ಟೆಯ ಮೇಲಿನ ಒತ್ತಡ ತಗ್ಗಿ ಉಸಿರಾಟ ಸಲೀಸಾಗುತ್ತದೆ. ಹೀಗೆ ಮಲಗಿದ ತೆಳ್ಳನೆಯ ಹುಡುಗಿಯರು, ತೋಳಿನ ಬಲದಲ್ಲಿ ರೈಫಲನ್ನು ಅಮುಕಿ ಹಿಡಿದ ದೃಢಕಾಯರಿಗಿಂತ ಚಿಕ್ಕ ಗ್ರೂಪ್ (ಹಾಳೆಯ ಮೇಲೆ ಒತ್ತಾಗಿ ಬಿದ್ದ ರಂಧ್ರಗಳ ಗುಂಪು) ಹೊಡೆಯುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.

ಈಗ ಮುಖ್ಯ ವಿಷಯ. ಸೈಟುಗಳನ್ನು, ಅಂದರೆ ರೈಫಲಿನ ಮೇಲೆ ಹಿಂದೊಂದು ಮುಂದೊಂದು ಇರುವ ಗುರಿ ಹಿಡಿಯುವ ಸಾಧನಗಳನ್ನು, ಗುರಿಗೆ ಹೊಂದಿಸಿಕೊಂಡು ಕಣ್ಣು ಮುಚ್ಚಿ. ಎರಡು ಬಾರಿ ಉಸಿರಾಡಿ, ಮೈಯನ್ನು ಪೂರ್ತಿ ಸಡಿಲಗೊಳಿಸಿ, ಕಣ್ಣು ತೆರೆಯಿರಿ. ಸೈಟ್ ಗುರಿಯ ಬಲಕ್ಕೆ ಸರಿದಿದೆಯೇ? ಹಾಗಿದ್ದರೆ ನಿಮ್ಮ ದೇಹ ಸಹಜವಾಗಿ ನೋಡುತ್ತಿರುವುದು ಅಲ್ಲಿಗೆ. ಕಣ್ಣು ತೆರೆದಿದ್ದಾಗ ನೀವು ಅರಿವಿಲ್ಲದೆ ತೋಳಿನಿಂದ ಅದನ್ನು ಎಡಕ್ಕೆ ತಳ್ಳಿ ಹಿಡಿದಿದ್ದಿರಿ. ಟ್ರಿಗರ್ ಎಳೆದ ಗಳಿಗೆಯಲ್ಲಿ ಆ ತಳ್ಳುವಿಕೆ ಸಡಿಲವಾಗುತ್ತದೆ, ಗುಂಡು ಬಲಕ್ಕೆ ಹೋಗುತ್ತದೆ. ತೋಳಿನಿಂದ ಸರಿಪಡಿಸಬೇಡಿ. ಎಡ ಮೊಣಕೈಯನ್ನು ಊರಿದಲ್ಲೇ ಇಟ್ಟು ಸೊಂಟವನ್ನು ತುಸು ಬಲಕ್ಕೆ ಸರಿಸಿ, ನಳಿಗೆಯ ತುದಿ ಎಡಕ್ಕೆ ತಿರುಗುತ್ತದೆ. ಮತ್ತೆ ಕಣ್ಣು ಮುಚ್ಚಿ, ಮತ್ತೆ ನೋಡಿ. ಸಡಿಲವಾದ ದೇಹ ತಾನಾಗಿ ಗುರಿಯನ್ನು ನೋಡುವವರೆಗೆ ಒಂದು ಗುಂಡನ್ನೂ ಹಾರಿಸಬೇಡಿ. ಪಕ್ಕದವರು ಐದು ಗುಂಡು ಮುಗಿಸಿ ಎದ್ದರೂ ಸರಿ. ಶನಿವಾರ ಪೂರ್ತಿ ಇದೊಂದನ್ನೇ ಮಾಡಿದರೂ ನಿಮ್ಮ ಎರಡು ದಿನ ಸಾರ್ಥಕವೆಂದು ನಾನು ಭರವಸೆಯಿಂದ ಹೇಳುತ್ತೇನೆ.

ಅದಾದ ಮೇಲೆ ಉಸಿರು. ಮಲಗಿದಾಗ ಉಸಿರಿನೊಂದಿಗೆ ಸೈಟ್ ಮೇಲೆ ಕೆಳಗೆ ಆಡುತ್ತದೆ. ಉಸಿರು ಬಿಟ್ಟ ಬಳಿಕ ಬರುವ ಸಹಜ ವಿರಾಮದಲ್ಲಿ ಗುಂಡು ಹೊರಡಲಿ. ಏಳೆಂಟು ಸೆಕೆಂಡುಗಳಲ್ಲಿ ಹೊರಡದಿದ್ದರೆ ಬಿಟ್ಟುಬಿಡಿ, ಉಸಿರು ತೆಗೆದುಕೊಂಡು ಹೊಸದಾಗಿ ಶುರು ಮಾಡಿ. ದೃಷ್ಟಿ ಮುಂದಿನ ಸೈಟಿನ ಮೇಲೆ ನೆಟ್ಟಿರಲಿ, ಗುರಿ ಮಬ್ಬಾಗಿ ಕಂಡರೆ ಚಿಂತೆಯಿಲ್ಲ. ಟ್ರಿಗರನ್ನು ನೇರ ಹಿಂದಕ್ಕೆ, ಒತ್ತಡವನ್ನು ಸಮನಾಗಿ ಹೆಚ್ಚಿಸುತ್ತಾ ಎಳೆಯಿರಿ. ಗುಂಡು ಹೊರಟ ಮೇಲೂ ಒಂದು ಕ್ಷಣ ಹಾಗೆಯೇ ಹಿಡಿದಿರಿ. ಆ ಗಳಿಗೆಯಲ್ಲಿ ಸೈಟ್ ಎಲ್ಲಿತ್ತು ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಗುರಿಯ ಹಲಗೆ ನೋಡಿ. ನೀವು ಹೇಳಿದ್ದೂ ರಂಧ್ರ ಬಿದ್ದದ್ದೂ ಹೊಂದಿದರೆ, ಗುಂಡು ಒಂಬತ್ತು ಅಂಕದ ವೃತ್ತಕ್ಕೆ ಬಿದ್ದಿದ್ದರೂ ನಾನು ಅದನ್ನು ಒಳ್ಳೆಯ ಗುಂಡೆಂದೇ ಕರೆಯುತ್ತೇನೆ. ಸದ್ದಿಗೆ ಬೆಚ್ಚಿ ಕಣ್ಣು ಮುಚ್ಚುವವರಿಗೆ ಸೈಟ್ ಎಲ್ಲಿತ್ತೆಂದು ಹೇಳಲು ಆಗುವುದೇ ಇಲ್ಲ. ಹಾಗಾಗಿ ಬೆಚ್ಚುವಿಕೆಯನ್ನು ಪತ್ತೆ ಹಚ್ಚುವುದಕ್ಕೂ ಇದೇ ದಾರಿ. .22 ರೈಫಲ್ ಭುಜಕ್ಕೆ ಒದೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಆ ಭಯ ಬೇಡ.

ಮನೆಯಲ್ಲಿ ಈಗಲೇ ಮಾಡಬಹುದಾದದ್ದು: ಗೋಡೆಯ ಮೇಲೆ ಚುಕ್ಕೆಯಿಟ್ಟು, ಬರಿಗೈಯಲ್ಲಿ ಮಲಗುವ ಭಂಗಿಯನ್ನು ಅಭ್ಯಾಸ ಮಾಡುವುದು. ಕುತ್ತಿಗೆಯೂ ಮೊಣಕೈಯೂ ಶನಿವಾರ ಸಂಜೆ ನನ್ನನ್ನು ನೆನೆಸಿಕೊಳ್ಳುತ್ತವೆ. ದಪ್ಪ ತೋಳಿನ ಮೇಲಂಗಿ, ಕತ್ತಿನವರೆಗೂ ಮುಚ್ಚುವ ಅಂಗಿ ಇರಲಿ. ಬಿಸಿ ತೋಟಾಕವಚ ಕುತ್ತಿಗೆಯೊಳಗೆ ಬಿದ್ದಾಗ ಹೊಸಬರು ರೈಫಲ್ ಸಮೇತ ತಿರುಗಿಬಿಡುತ್ತಾರೆ, ನನಗೆ ರೇಂಜಿನಲ್ಲಿ ಅತಿ ಹೆಚ್ಚು ಹೆದರಿಕೆ ಹುಟ್ಟಿಸುವುದು ಅದೇ.

ಸುರಕ್ಷತೆಯ ಪಾಠ ಅಲ್ಲಿ ಮೊದಲೇ ನಡೆಯುತ್ತದೆ, ಆದರೂ ಹೇಳದೆ ಬಿಡಲಾರೆ. ಪ್ರತಿ ರೈಫಲೂ ತುಂಬಿದೆ ಎಂದೇ ತಿಳಿಯಿರಿ. ನಳಿಗೆ ಸದಾ ಗುರಿಯ ದಿಕ್ಕಿನಲ್ಲಿ. ಸೈಟ್ ಗುರಿಗೆ ಹೊಂದಿ, ಹೊಡೆಯುವುದೆಂದು ನಿರ್ಧರಿಸುವವರೆಗೆ ಬೆರಳು ಟ್ರಿಗರಿನ ಹೊರಗೆ. ಗುರಿಯ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಜನ ಹಲಗೆಗಳತ್ತ ನಡೆದಿರುವಾಗ ಬೋಲ್ಟ್ (ಹಿಡಿಯಿಂದ ಎಳೆದು ತೆರೆಯುವ, ಗುಂಡಿನ ಹಿಂಬದಿ ಮುಚ್ಚುವ ಭಾಗ) ತೆರೆದು, ಛೇಂಬರಿಗೆ, ಅಂದರೆ ಗುಂಡು ಕೂರುವ ಗೂಡಿಗೆ, ಅದು ಖಾಲಿಯೆಂದು ತೋರಿಸುವ ಸುರಕ್ಷತಾ ಫ್ಲ್ಯಾಗ್ ಸಿಕ್ಕಿಸಿ, ಎಲ್ಲರೂ ರೈಫಲ್ ಬಿಟ್ಟು ಗುಂಡು ಹಾರಿಸುವ ಗೆರೆಯಿಂದ ಹಿಂದೆ ಸರಿದಿರಬೇಕು. ಆಗ ಸ್ಲಿಂಗ್ ಸರಿಪಡಿಸಲೂ ರೈಫಲ್ ಮುಟ್ಟುವಂತಿಲ್ಲ. ಅಪಾಯ ಕಂಡರೆ ‘ಸ್ಟಾಪ್’ ಎಂದು ಕೂಗುವ ಹಕ್ಕು ರೇಂಜ್ ಆಫೀಸರಿಗಷ್ಟೇ ಅಲ್ಲ, ನಿಮಗೂ ನಿಮ್ಮ ಮಗಳಿಗೂ ಇದೆ. ಸಂಕೋಚ ಬೇಡ.

ಮಸೂರ:

ಅಕ್ಕ ಕಣ್ಣಿನ ವಿಷಯ ಬಿಟ್ಟರು, ನಾನು ಹೇಳುತ್ತೇನೆ. ನನ್ನದೂ ನಿಮ್ಮಂಥದ್ದೇ ಕನ್ನಡಕ. ಮಲಗಿದಾಗ ತಲೆ ಮುಂದಕ್ಕೆ ಬಾಗುತ್ತದೆ, ಹಾಗಾಗಿ ನಾವು ನೋಡುವುದು ಗಾಜಿನ ಮೇಲಂಚಿನಿಂದ, ಮೂಗಿನ ಪಕ್ಕದ ಮೂಲೆಯಿಂದ. ಕೆಳಗಿನ ಓದುವ ಗಾಜು ಉಪಯೋಗಕ್ಕೆ ಬರುವುದಿಲ್ಲ. ದೂರಕ್ಕೆಂದು ಮಾಡಿಸಿದ ಹಳೆಯ ಕನ್ನಡಕವಿದ್ದರೆ ತೆಗೆದುಕೊಂಡು ಹೋಗಿ. ಮುಂದೆ ಈ ಹವ್ಯಾಸ ಹಿಡಿಸಿದರೆ, ದೂರದ ಪವರಿಗೆ +0.50 ಸೇರಿಸಿ ಕನ್ನಡಕ ಮಾಡಿಸುವ ಬಗ್ಗೆ ನೇತ್ರತಜ್ಞರನ್ನು ಕೇಳಿ. ಮುಂದಿನ ಸೈಟ್ ಸ್ಪಷ್ಟವಾಗಿ ಕಾಣಲು ಅನೇಕ ರೈಫಲ್ ಶೂಟರ್‌ಗಳು ಅದನ್ನೇ ಬಳಸುತ್ತಾರೆ. ಹಿಂದಿನ ಸೈಟ್ ಸಣ್ಣ ರಂಧ್ರದ್ದಾಗಿದ್ದರೆ ನಿಮ್ಮ ಅದೃಷ್ಟ, ಆ ರಂಧ್ರವೇ ನೋಟವನ್ನು ಬಹಳಷ್ಟು ತಿಳಿಗೊಳಿಸುತ್ತದೆ.

ಎಡಗಣ್ಣನ್ನು ಮಾತ್ರ ಮುಚ್ಚಬೇಡಿ. ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿದರೆ ಇನ್ನೊಂದರ ಸುತ್ತಲಿನ ಸ್ನಾಯುಗಳೂ ಬಿಗಿದು ಬೇಗ ದಣಿಯುತ್ತವೆ. ಕನ್ನಡಕದ ಎಡಗಾಜಿಗೆ ಅರೆಪಾರದರ್ಶಕ ಟೇಪಿನ ಚಿಕ್ಕ ತುಂಡು ಅಂಟಿಸಿ ಬಲಗಣ್ಣಿನಿಂದ ಹೊಡೆಯಿರಿ. ಬೆಳಕು ಬರುತ್ತದೆ, ಗುರಿ ಕಾಣುವುದಿಲ್ಲ.

ತಿಳಿಮುಗಿಲು:

ಎಲ್ಲರಿಗೂ ಧನ್ಯವಾದ. ಅಕ್ಕ, ಟೇಪ್ ಹಚ್ಚಿ ಬಲಗಡೆಯಿಂದ ಹೊಡೆಯುವುದೋ, ಎಡ ಭುಜಕ್ಕೇ ರೈಫಲ್ ಇಡುವುದೋ? ಸೈಟನ್ನು ಕ್ಲಿಕ್ ಕ್ಲಿಕ್ ಎಂದು ತಿರುಗಿಸುತ್ತಾರಲ್ಲ, ಆ ಲೆಕ್ಕವೂ ನನಗೆ ಅರ್ಥವಾಗಿಲ್ಲ. ಮಗಳು ಕೇಳುತ್ತಿದ್ದಾಳೆ: ನಿಂತು ಹೊಡೆಯುವಾಗ ಅಲುಗಾಟ ನಿಲ್ಲಿಸುವುದು ಹೇಗೆ?

ರೇಂಜಕ್ಕ:

ಸಾಮಾನ್ಯವಾಗಿ ನಾನು ಹೊಸಬರನ್ನು ಪ್ರಧಾನ ಕಣ್ಣಿನ ಕಡೆಗೇ ಕೂರಿಸುತ್ತೇನೆ, ಅವರಿಗೆ ಮರೆಯಬೇಕಾದ ಹಳೆಯ ಅಭ್ಯಾಸ ಯಾವುದೂ ಇರುವುದಿಲ್ಲ. ಆದರೆ ಕೊಡುವ ರೈಫಲ್‌ಗಳ ಬೋಲ್ಟ್ ಬಹುಪಾಲು ಬಲಗಡೆ ಇರುತ್ತದೆ. ಎಡಗೈಯವರು ಪ್ರತಿ ಗುಂಡಿಗೂ ರೈಫಲಿನ ಮೇಲಿನಿಂದ ಕೈ ಚಾಚಬೇಕು, ಭಂಗಿ ಕೆಡುತ್ತದೆ, ಖಾಲಿ ಕವಚಗಳೂ ಮುಖದ ಮುಂದೆ ಹಾರುತ್ತವೆ. ಆಯೋಜಕರಿಗೆ ಇಂದೇ ಕರೆ ಮಾಡಿ. ಎಡಗೈಯ ರೈಫಲ್ ಇದೆ ಎಂದರೆ ಎಡಭುಜ, ಇಲ್ಲವೆಂದರೆ ಮಸೂರ ಅವರು ಹೇಳಿದ ಟೇಪು. ಎಡಭುಜವಾದರೆ ನಾನು ಮೇಲೆ ಬರೆದ ಎಡ ಬಲಗಳನ್ನೆಲ್ಲ ಅದಲು ಬದಲು ಮಾಡಿಕೊಳ್ಳಿ.

ಕ್ಲಿಕ್ ಲೆಕ್ಕ ಸುಲಭ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು ಒಂದು ಮಿನಿಟ್. 100 ಮೀಟರಿನಲ್ಲಿ ಅದು ಸುಮಾರು 29 ಮಿಲಿಮೀಟರ್, 25 ಮೀಟರಿನಲ್ಲಿ ಅದರ ಕಾಲು ಭಾಗ, ಅಂದರೆ 7 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ನಿಮ್ಮ ಗ್ರೂಪಿನ ನಡುಭಾಗ 25 ಮೀಟರಿನಲ್ಲಿ 22 ಮಿಲಿಮೀಟರ್ ಬಲಕ್ಕಿದ್ದರೆ ಅದು ಮೂರು ಮಿನಿಟ್. ಸೈಟಿನ ಒಂದು ಕ್ಲಿಕ್ ಕಾಲು ಮಿನಿಟ್ ಆಗಿದ್ದರೆ ಎಡಕ್ಕೆ 12 ಕ್ಲಿಕ್. ಯಾವ ಸೈಟಿನ ಕ್ಲಿಕ್ ಎಷ್ಟೆಂದು ತರಬೇತುದಾರರನ್ನು ಕೇಳಿಕೊಳ್ಳಿ. ಒಂದೇ ರಂಧ್ರ ನೋಡಿ ಸೈಟ್ ತಿರುಗಿಸಬೇಡಿ, ಐದು ಗುಂಡು ಬೀಳಲಿ. ರಂಧ್ರಗಳು ಹಾಳೆಯ ತುಂಬ ಚೆದುರಿದ್ದರೆ ಸೈಟ್ ಮುಟ್ಟಿ ಫಲವಿಲ್ಲ, ಭಂಗಿಗೆ ಮರಳಿ. ರಂಧ್ರಗಳು ಮೇಲಿಂದ ಕೆಳಕ್ಕೆ ಸಾಲಾಗಿದ್ದರೆ ಮೊದಲು ಉಸಿರನ್ನು ಅನುಮಾನಿಸಿ. ಅಡ್ಡಸಾಲಾದರೆ ಟ್ರಿಗರನ್ನು, ಇಲ್ಲವೇ ದೇಹದ ಸಹಜ ದಿಕ್ಕನ್ನು. ಎರಡು ಬೇರೆ ಬೇರೆ ಗುಂಪುಗಳಾಗಿದ್ದರೆ ನಡುವೆ ಮೊಣಕೈ ಎದ್ದು ಬೇರೆಡೆ ಕೂತಿದೆ. 25 ಮೀಟರಿನಲ್ಲಿ ಐದೂ ರಂಧ್ರಗಳು 30 ಮಿಲಿಮೀಟರ್ ಒಳಗೆ ಬಂದರೆ, ಅವು ಹಾಳೆಯ ಯಾವ ಮೂಲೆಯಲ್ಲಿದ್ದರೂ ಸರಿ, ಹೊಸಬರಾಗಿ ನೀವು ಹೆಮ್ಮೆಪಡಬೇಕು.

ಮಗಳಿಗೆ: ನಿಂತಾಗ ಅಲುಗಾಟ ನಿಲ್ಲುವುದಿಲ್ಲ. ಒಲಿಂಪಿಕ್ಸ್ ಶೂಟರ್‌ಗಳಿಗೂ ನಿಲ್ಲುವುದಿಲ್ಲ, ಅವರದು ಚಿಕ್ಕದಾಗಿರುತ್ತದೆ. ಎಡ ಮೊಣಕೈಯನ್ನು ಸೊಂಟದ ಮೂಳೆಗೋ ಪಕ್ಕೆಲುಬಿಗೋ ಆನಿಸಲಿ, ಎರಡೂ ಕಾಲುಗಳ ಮೇಲೆ ಭಾರ ಸಮನಾಗಿರಲಿ. ಸೈಟ್ ನಡುವನ್ನು ಹಾದುಹೋಗುವ ಕ್ಷಣಕ್ಕಾಗಿ ಕಾದು ಟ್ರಿಗರನ್ನು ಕಿತ್ತು ಎಳೆದರೆ ಗುಂಡು ಎಲ್ಲಿಗೋ ಹೋಗುತ್ತದೆ. ಅಲುಗಾಟವನ್ನು ಒಪ್ಪಿಕೊಂಡು ಬೆರಳು ಮೆತ್ತಗೆ ತನ್ನ ಕೆಲಸ ಮುಂದುವರಿಸಲಿ. ತಡವಾಯಿತು ಅನ್ನಿಸಿದರೆ ನಳಿಗೆಯನ್ನು ಗುರಿಯ ದಿಕ್ಕಿನಲ್ಲೇ ಇಟ್ಟು ರೈಫಲ್ ಇಳಿಸಿ, ಎರಡು ಉಸಿರು ತೆಗೆದು ಮತ್ತೆ ಎತ್ತಲಿ. ಹಾಗೆ ಇಳಿಸುವ ಧೈರ್ಯ ಇರುವ ಮಕ್ಕಳನ್ನು ಕಂಡರೆ ನನಗೆ ಬಹಳ ಪ್ರೀತಿ.

ಪರೀಕ್ಷೆಯ ಬಗ್ಗೆ ಒಂದೇ ಮಾತು. ಪ್ರತಿ ಸರಣಿಗೂ ಮುನ್ನ ತನ್ನ ಹಲಗೆಯ ಸಂಖ್ಯೆಯನ್ನು ಓದಿಕೊಳ್ಳಲಿ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ, 50 ಮೀಟರ್ ಮೂರು ಭಂಗಿಗಳ ಫೈನಲ್‌ನಲ್ಲಿ, ಅಮೆರಿಕದ ಮ್ಯಾಥ್ಯೂ ಎಮನ್ಸ್ ಮೂರು ಅಂಕ ಮುಂದಿದ್ದರು. ಕೊನೆಯ ಗುಂಡನ್ನು ಪಕ್ಕದ ಸ್ಪರ್ಧಿಯ ಗುರಿಗೆ ಹೊಡೆದರು, ಅದಕ್ಕೆ ಸೊನ್ನೆ ಅಂಕ. ಚಿನ್ನ ಚೀನಾದ ಜಿಯಾ ಝಾನ್‌ಬೋ ಅವರಿಗೆ ಹೋಯಿತು, ಎಮನ್ಸ್ ಎಂಟನೆಯವರಾದರು. ಅಕ್ಕಪಕ್ಕ ಹತ್ತಾರು ಹಲಗೆಗಳು ಒಂದೇ ರೀತಿ ಕಾಣುವ ರೇಂಜಿನಲ್ಲಿ ಇದು ಯಾರಿಗೂ ಆಗಬಹುದು.

ಸೋಮವಾರ ಇಬ್ಬರ ಹಾಳೆಗಳ ಚಿತ್ರವನ್ನೂ ಇಲ್ಲಿ ಹಾಕಿ, ಶನಿವಾರ ಬೆಳಗಿನದೊಂದು, ಭಾನುವಾರದ್ದೊಂದು. ಅಂಕ ಬರೆಯುವುದು ಬೇಡ. ಯಾವ ಭಂಗಿ, ಎಷ್ಟು ದೂರ, ಗುಂಡು ಹೊರಟಾಗ ಸೈಟ್ ಎಲ್ಲಿತ್ತು ಎಂಬುದನ್ನು ಹಾಳೆಯ ಮೇಲೆ ಅಲ್ಲಲ್ಲೇ ಗುರುತು ಹಾಕಿಕೊಂಡು ಬನ್ನಿ.