ಗಣಿಗೆ ಪರಿಸರ ಅನುಮತಿ ಕೊಡೋವಾಗ ಗ್ರಾಮ ಪಂಚಾಯ್ತಿ ಮಾತಿಗೆ ಬೆಲೆ ಇದ್ಯಾ?

ಬಯಲುಸೀಮೆ_ಹುಡ್ಗ: ನಮ್ಮೂರ ಹತ್ರ ಗಣಿ ಬರುತ್ತಂತೆ, ಪಬ್ಲಿಕ್ ಹಿಯರಿಂಗ್ ನೋಟಿಸ್ ಬಂದಿದೆ. ಪಂಚಾಯ್ತಿ ಬೇಡ ಅಂತ ಠರಾವು ಮಾಡಿದ್ರೆ ನಿಂತೋಗುತ್ತಾ?

ಕೆರೆದಂಡೆ: ಅದೊಂದರಿಂದ್ಲೇ ನಿಲ್ಲಲ್ಲ ಗುರೂ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ನೋಟಿಫಿಕೇಶನ್ ಪ್ರಕಾರ ಹಿಯರಿಂಗ್ ಏರ್ಪಾಡು ಮಾಡೋದು ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಡಿಸಿ ಅಥವಾ ಎಡಿಸಿದು, ಕೋರಂ (ಇಷ್ಟು ಜನ ಇರ್ಲೇಬೇಕು ಅನ್ನೋದು) ಕೂಡ ಬೇಕಿಲ್ಲ, ನಾಲ್ಕು ಜನ ಬಂದ್ರೂ ಮುಗೀತು. ಆದ್ರೂ ಠರಾವನ್ನ ಲಿಖಿತವಾಗಿ ಕೊಡ್ಸಿ, ಬಂದ ಆಕ್ಷೇಪಣೆಗೆಲ್ಲ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಕೊಡ್ಲೇಬೇಕು. ನೋಟಿಸ್‌ಗೆ ಕನಿಷ್ಠ 30 ದಿನ ಟೈಮ್ ಇರ್ಬೇಕು, ಕಂಪನಿಯ ಕರಡು ಇಐಎ ವರದಿ ಜಿಲ್ಲಾ ಪಂಚಾಯ್ತಿ ಆಫೀಸಲ್ಲೂ ಸಿಗ್ಬೇಕು, ಹೋಗಿ ಕೇಳಿ.

ಮಲ್ನಾಡ್_ಮಳೆ: ಒಡಿಶಾದ ನಿಯಮಗಿರಿಲಿ 2013ರಲ್ಲಿ 12 ಗ್ರಾಮಸಭೆನೂ ಬೇಡ ಅಂದು ಗಣಿ ನಿಲ್ಲಿಸಿದ್ವಲ್ಲ?

ಕೆರೆದಂಡೆ: ಅದು ಅರಣ್ಯ ಹಕ್ಕು ಕಾಯ್ದೆ, ಸುಪ್ರೀಂ ಕೋರ್ಟ್ ಆದೇಶದ ಮೇಲೆ ನಡೆದಿದ್ದು. ಇಲ್ಲಿ ಬೇರೆ ಲೆಕ್ಕ.

ಹಳೇಮೆಂಬರ್: ನಾನು ಪಂಚಾಯ್ತಿ ಸದಸ್ಯ ಆಗಿದ್ದವ್ನು. ಎಲ್ರೂ ಹಿಯರಿಂಗ್ ದಿನ ಕೂಗಾಡಿ ಮರ್ತುಬಿಡ್ತಾರೆ, ನಿಜವಾದ ಕೆಲ್ಸ ಆಮೇಲೆ ಇರೋದು. ಅನುಮತಿ ಪತ್ರದ ಕಾಪಿ ಪಂಚಾಯ್ತಿಗೂ ಬರ್ಬೇಕು, 30 ದಿನ ಬೋರ್ಡಲ್ಲಿ ಹಾಕ್ಬೇಕು, ನಮ್ಮಲ್ಲಿ ಅದು ಬೀರು ಸೇರಿತ್ತು ಬಿಡಿ. ಕಂಪನಿ ಆರಾರು ತಿಂಗ್ಳಿಗೆ, ಜೂನ್ 1 ಮತ್ತೆ ಡಿಸೆಂಬರ್ 1ಕ್ಕೆ, ಷರತ್ತು ಪಾಲನೆ ವರದಿ ಕೊಡ್ಬೇಕು. ಅದನ್ನ ಇಸ್ಕೊಂಡು ಧೂಳು, ಬೋರ್‌ವೆಲ್ ನೀರು ತಾಳೆ ನೋಡಿ ಮಂಡಳಿಗೆ ಬರೀರಿ.